ತೋಟೆ ಒತ್ತುವ ಒರಳು

ಸಿಡ್ನಿಯ ರೌಸ್ ಹಿಲ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರು ನಿಂತದ್ದನ್ನು ನಾನು ನೋಡಿಯೇ ಇಲ್ಲ. ಕಾರು ಹೊರಗೆ ಬಿಸಿಲಲ್ಲಿ ಒಣಗುತ್ತಿತ್ತು, ಒಳಗೆ ನೆರಳಿನಲ್ಲಿ ಅಪ್ಪನ ಸಾಮಾನು ತಣ್ಣಗೆ ಕೂತಿರುತ್ತಿತ್ತು. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಕಪಾಟಿನಲ್ಲಿ ಅವನ ಕೋವಿ, ಪಕ್ಕದ ಸಣ್ಣ ಪೆಟ್ಟಿಗೆಯಲ್ಲಿ ತೋಟೆಗಳು, ಎರಡಕ್ಕೂ ಬೇರೆ ಬೇರೆ ಬೀಗ. ಬೀಗದ ಕೈ ಎಲ್ಲಿರುತ್ತದೆಂದು ಅಮ್ಮನಿಗೂ ಗೊತ್ತಿರಲಿಲ್ಲ. ಈ ದೇಶದ ಕಾನೂನು ಹಾಗೆ. ಅಪ್ಪ ಕಾನೂನಿಗಿಂತ ಒಂದು ಕೈ ಮೇಲೆ. ಮೇಲಿನ ಹಲಗೆಯ ಮೇಲೆ ಮಾತ್ರ ಅಮ್ಮನ ಆಸ್ತಿ ಒಂದಿತ್ತು: ಮೈಸೂರಿನಿಂದ ಹಳೆಯ ಸೀರೆಯಲ್ಲಿ ಸುತ್ತಿ ತಂದ ಶ್ಯಾವಿಗೆ ಒರಳು. ಉದ್ದ ಹಿಡಿಯ, ಭಾರದ ಒರಳು. ಅಡುಗೆಮನೆಯ ಯಾವ ಕಪಾಟಿಗೂ ಅದು ಹಿಡಿಸುತ್ತಿರಲಿಲ್ಲ. ಶ್ಯಾವಿಗೆ ಒತ್ತುವ ದಿನ ಅಪ್ಪ ಅದನ್ನು ಇಳಿಸಿಕೊಡಬೇಕು, ಮುಗಿದ ಮೇಲೆ ಮತ್ತೆ ಏರಿಸಬೇಕು. ಇಳಿಸುವಾಗೊಮ್ಮೆ, ಏರಿಸುವಾಗೊಮ್ಮೆ ಇಬ್ಬರೂ ಜಗಳವಾಡುತ್ತಿದ್ದರು. ಅದು ಒಳ್ಳೆಯ ಜಗಳ. ಮನೆ ಬದುಕಿದೆ ಎಂದು ಗೊತ್ತಾಗುವಂಥದ್ದು.

ಇವತ್ತಿಗೂ ಅಂಗಡಿಯಲ್ಲಿ ಒಂದೇ ತರಹದ ಎರಡು ವಸ್ತುಗಳ ಮುಂದೆ ನಿಂತರೆ ನನ್ನ ಅಂಗೈ ಬೆವರುತ್ತದೆ. ಟೋಸ್ಟರ್ ಕೊಳ್ಳಲು ಹೋಗಿ ಬರಿಗೈಯಲ್ಲಿ ಬಂದವಳು ನಾನು. ನನ್ನ ಗಂಡ ನಗುತ್ತಾನೆ. ನಗಲಿ. ಒಂದು ವಸ್ತುವನ್ನು ಆರಿಸಿದ್ದರಿಂದಲೇ ಎಲ್ಲ ಹಾಳಾಯಿತು ಎಂದು ನಂಬಿಕೊಂಡ ಮನೆಯಲ್ಲಿ ನಾನು ದೊಡ್ಡವಳಾದೆ. ಆ ನಂಬಿಕೆ ಸುಳ್ಳೆಂದು ನನಗೆ ಗೊತ್ತು, ಅಂಗೈಗೆ ಗೊತ್ತಿಲ್ಲ.

ಅಪ್ಪ ಕೊಡಗಿನವನು, ಅಮ್ಮ ಮೈಸೂರಿನ ಸಸ್ಯಾಹಾರಿ ಮನೆಯವಳು. ಎರಡೂ ಕಡೆಯವರಿಗೆ ಇಷ್ಟವಿಲ್ಲದ ಮದುವೆ. ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ, ಯಾಕೆಂದರೆ ಅಪ್ಪನ ಕೊಡವ ಭಾಷೆ ಅಮ್ಮನಿಗೆ ಬರಲಿಲ್ಲ, ಅಮ್ಮನಿಗೆ ಬಾರದ ಭಾಷೆಯಲ್ಲಿ ಮಾತಾಡಲು ಅಪ್ಪನಿಗೆ ಧೈರ್ಯ ಬರಲಿಲ್ಲ. ಅಪ್ಪ ಸಿಟಿಯ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸದವನು. ಶನಿವಾರ ಮಾತ್ರ ಅವನು ಬೇರೆಯೇ ಮನುಷ್ಯ. ಬೂಟು ಹಾಕಿಕೊಂಡು ಗುರಿಕಾರರ ಕ್ಲಬ್ಬಿಗೆ ಹೋಗಿ, ದೂರದ ಕಾಗದದ ಗುರಿಗೆ ಗುಂಡು ಹೊಡೆದು, ಕೆನ್ನೆ ಕೆಂಪಗೆ ಮಾಡಿಕೊಂಡು ಬರುತ್ತಿದ್ದ. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಯನ್ನು ದೇವರ ಮುಂದಿಟ್ಟು ಪೂಜೆ. ಅಮ್ಮ ದೀಪ ಹಚ್ಚಿಕೊಡುತ್ತಿದ್ದಳು, ಕಡುಬನ್ನೂ ಮಾಡುತ್ತಿದ್ದಳು. ಹಂದಿ ಸಾರು ಮಾತ್ರ ಹಿತ್ತಲಿನ ಬಾರ್ಬೆಕ್ಯೂ ಮೇಲೆ, ಅಪ್ಪನ ಕೈಯಲ್ಲೇ. ಊರಲ್ಲಿ ಕೋವಿಯ ಬಾಯಿಗೆ ತೋಕ್ ಪೂ ಎನ್ನುವ ಕೆಂಪು ಹಳದಿ ಹೂವು ಸಿಗಿಸುತ್ತಾರೆ. ಒಮ್ಮೆ ಬೇಸಿಗೆ ರಜೆಗೆ ಉತ್ತರದ ಕಡಲ ತೀರಕ್ಕೆ ಹೋದಾಗ ಮರಳ ದಿಬ್ಬದ ಮೇಲೆ ಅದೇ ಹೂವು ಕಳೆಯ ಹಾಗೆ ಹಬ್ಬಿತ್ತು. ಅಪ್ಪ ಕಾರು ನಿಲ್ಲಿಸಿ ಇಳಿದು ಅದನ್ನೇ ನೋಡುತ್ತ ನಿಂತ. ಹಬ್ಬ ಬರುವುದಕ್ಕೆ ಇನ್ನೂ ಎಷ್ಟೋ ತಿಂಗಳಿತ್ತು. ಹಬ್ಬದ ಹೊತ್ತಿಗೆ ಈ ಊರಲ್ಲಿ ಅದು ಅರಳುವುದೇ ಇಲ್ಲ.

ಕೋವಿಯ ಕಥೆಯನ್ನು ಅಪ್ಪ ಊಟದ ಮೇಜಿನ ಮುಂದೆ ಹೇಳುತ್ತಿದ್ದ. ನಮ್ಮ ಮನೆತನದ ಕ್ರಮ ಅವನ ಬಾಯಲ್ಲಿ ಹೀಗೆ: ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಹೆಣ್ಣು ಹುಟ್ಟಿದರೆ ಕಂಚಿನ ತಟ್ಟೆ ಬಾರಿಸುವುದು. ಯಾರಾದರೂ ಸತ್ತರೆ ಎರಡು ಗುಂಡು, ಒಂದರ ಬೆನ್ನಿಗೆ ಒಂದು.

“ಅದು ಸುಮ್ಮನೆ ಶಬ್ದಕ್ಕಲ್ಲ ದೇಚು,” ಎನ್ನುತ್ತಿದ್ದ ನನಗೆ. “ ಮನೆ ಮನೆಗೆ ದೂರ ಉಂಟಲ್ಲ, ಗುಡ್ಡದ ಆಚೆಯವರಿಗೆ ಗೊತ್ತಾಗ್ಬೇಕು. ಎರಡು ಕೇಳಿದ್ರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಬರ್ಬೇಕು. ದ್ವೇಷದವನೂ ಬರ್ಬೇಕು. ಕೇಳಿದ ಮೇಲೆ ಹೋಗದೆ ಇರೋ ಹಾಗಿಲ್ಲ.”

“ವೈ ಓನ್ಲಿ ಎ ಪ್ಲೇಟ್ ಫಾರ್ ಮಿ?” ಎಂದು ನಾನು.

“ನಿಂಗೆ ಅದೂ ಬಾರಿಸ್ಲಿಲ್ಲ ಕಣೇ,” ಎಂದಳು ಅಮ್ಮ, ಅನ್ನ ಬಡಿಸುತ್ತ. “ಹಾಸ್ಪಿಟಲಲ್ಲಿ ನಿಮ್ಮಪ್ಪ ಊಟದ ಟ್ರೇ ಎತ್ಕೊಂಡ್ರು, ನರ್ಸ್ ಕಿತ್ಕೊಂಡ್ಲು.”

ಅಪ್ಪ ನಗುತ್ತಿದ್ದ, ನಾನು ಸಿಟ್ಟಾಗುತ್ತಿದ್ದೆ. ಇದು ನಮ್ಮ ಮನೆಯ ಮಾಮೂಲಿ ಪ್ರಹಸನ, ಬಂದ ನೆಂಟರೆದುರೆಲ್ಲ ಆಗುತ್ತಿತ್ತು.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅಮ್ಮ ಮತ್ತೆ ಬಸುರಿಯಾದಳು. ನಡುವೆ ಎರಡು ಸಲ ಗರ್ಭ ನಿಲ್ಲದೆ ಹೋಗಿತ್ತು, ಅದು ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು. ಸ್ಕ್ಯಾನ್ ಮಾಡಿದವಳು ಗಂಡು ಎಂದು ಹೇಳಿಯೇಬಿಟ್ಟಳು, ಇಲ್ಲಿ ಹೇಳುತ್ತಾರೆ. ಅಮ್ಮ ಮನೆಗೆ ಬಂದವಳೇ ಅಡುಗೆಮನೆಯಲ್ಲಿ ನಿಂತು ಕಟ್ಟಪ್ಪಣೆ ಹೊರಡಿಸಿದಳು: ಕೂಸು ಕೈಗೆ ಬರುವ ತನಕ ಮನೆಗೆ ಏನೂ ತರಕೂಡದು. ತೊಟ್ಟಿಲಿಲ್ಲ, ಬಟ್ಟೆಯಿಲ್ಲ, ಬೊಂಬೆಯಿಲ್ಲ. ಆಫೀಸಿನವರು ಕೊಟ್ಟ ಸಣ್ಣ ಕಾಲುಚೀಲವನ್ನು ಕೂಡ ಪಕ್ಕದ ಮನೆಯವರ ಹತ್ತಿರ ಇಟ್ಟು ಬಂದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಬೇರೆಯವರು ಆಡಿಕೊಳ್ಳಲು ಬಳಸುವ ಮಾತು ಅಮ್ಮನಿಗೆ ಶಾಸ್ತ್ರ. ಅಪ್ಪ ಎಲ್ಲದಕ್ಕೂ ಹ್ಞೂಂಗುಟ್ಟಿದ. ಆದರೆ ಅವನೊಳಗೆ ಒಂದು ಆಸೆ ಹುಟ್ಟಿಬಿಟ್ಟಿತ್ತು. ಕ್ಲಬ್ಬಿನಲ್ಲಿ ಅವನಿಗೆ ಕೆವಿನ್ ಎಂಬ ಮುದುಕ ಗೆಳೆಯನಿದ್ದ. ಬೆಟ್ಟ ದಾಟಿ ಪಶ್ಚಿಮಕ್ಕೆ ಹೋದರೆ ಅವನ ಕುರಿ ಫಾರ್ಮು, ಅಲ್ಲಿ ಕೋವಿ ಹಾರಿಸಲು ಅಡ್ಡಿಯಿಲ್ಲ. ಮಗ ಹುಟ್ಟಿದ ಸುದ್ದಿ ಬಂದ ಕೂಡಲೇ ಅಲ್ಲಿಗೆ ಹೋಗಿ ಒಂದು ಗುಂಡು ಹಾರಿಸುವುದು. ಅದೂ ಅಂಗಡಿಯಲ್ಲಿ ಕೊಂಡ ತೋಟೆಯಲ್ಲ. ಅಪ್ಪನ ಅಜ್ಜ ತಾನೇ ಮದ್ದು ಅಳೆದು, ಕಿಡಿ ಹೊತ್ತಿಸುವ ಕೇಪು ಕೂರಿಸಿ, ತೋಟೆ ತುಂಬುತ್ತಿದ್ದನಂತೆ. ಅಪ್ಪ ಹುಟ್ಟಿದಾಗ ಹಾರಿದ್ದು ಅಂಥ ತೋಟೆ. ಮಗನಿಗೂ ಮನೆಯಲ್ಲೇ ತುಂಬಿದ ತೋಟೆ ಆಗಬೇಕು. ಅದಕ್ಕೆ ಒಂದು ಪ್ರೆಸ್ ಬೇಕು.

ಹೀಗೆ ಶುರುವಾಯಿತು ನಮ್ಮ ಮನೆಯ ಅತಿ ದೀರ್ಘ ಸಂಧಾನ. ಕಾರು ಕೊಳ್ಳಲು ಒಂದು ಮಧ್ಯಾಹ್ನ ಸಾಕಾಗಿತ್ತು, ಮನೆ ಕೊಳ್ಳಲು ಎರಡು ವಾರ. ಈ ಪ್ರೆಸ್ಸಿಗೆ ಚಳಿಗಾಲವೆಲ್ಲ ಹೋಯಿತು. ಹಾರಿಸಿದ ತೋಟೆಯ ಖಾಲಿ ಹಿತ್ತಾಳೆ ಕೊಳವೆಯನ್ನು ಮತ್ತೆ ತುಂಬುವ ಯಂತ್ರ ಅದು. ಹಳೆಯ ಕೇಪು ತೆಗೆಯಬೇಕು, ಹಿಗ್ಗಿದ ಕೊಳವೆಯನ್ನು ಒತ್ತಿ ಅಳತೆಗೆ ತರಬೇಕು, ಹೊಸ ಕೇಪು ಕೂರಿಸಬೇಕು, ಮದ್ದು ಹಾಕಿ ತುದಿಗೆ ಗುಂಡು ಒತ್ತಬೇಕು. ಹಿಡಿ ಎಳೆದಾಗೊಮ್ಮೆ ಒಂದೇ ಕೆಲಸ ಮಾಡುವ ಸಾದಾ ಪ್ರೆಸ್ ಒಂದು ಜಾತಿ. ಎಲ್ಲ ಅಚ್ಚುಗಳನ್ನೂ ತಲೆಯ ಮೇಲೆ ಹೊತ್ತು, ಗರಗರ ತಿರುಗಿಸಿ ಬೇಕಾದ್ದನ್ನು ಮುಂದೆ ತಂದುಕೊಳ್ಳುವಂಥದ್ದು ಎರಡನೆಯದು. ಮೂರನೆಯದು ಮಹಾರಾಯ; ಒಂದು ಸಲ ಎಳೆದರೆ ಎಲ್ಲ ಕೆಲಸವೂ ಒಟ್ಟಿಗೆ ನಡೆದು ಒಂದು ತೋಟೆ ತಟ್ಟೆಗೆ ಬೀಳುತ್ತದೆ. ಅಪ್ಪ ಕ್ಯಾಟಲಾಗುಗಳನ್ನು ಸಾರಿನ ಪಾತ್ರೆಗೆ ಒರಗಿಸಿಕೊಂಡು ಓದುತ್ತಿದ್ದ. ಕೆವಿನ್ ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡ ಮಾಡಿ ಅಮ್ಮನಿಗೆ ಒಪ್ಪಿಸುತ್ತಿದ್ದ.

“ಕೆವಿನ್ ಹೇಳ್ತಾನೆ, ಮೊದಲನೇದು ಒಂದೊಂದೇ ಮಾಡೋದು ತಗೋ ಅಂತ. ಪ್ರತಿಯೊಂದನ್ನೂ ಕೈಯಲ್ಲಿ ಮುಟ್ಟಿ ನೋಡಬಹುದು, ತಪ್ಪಾಗಲ್ಲ. ಆದ್ರೆ ನಾಳೆ ಮಗನೂ ಕ್ಲಬ್ಬಿಗೆ ಬಂದ್ರೆ? ಇಬ್ಬರಿಗೂ ಬೇಕಲ್ಲ ಮಾರಾಯ್ತಿ. ಆಗ ದೊಡ್ಡದೇ ಒಳ್ಳೇದು.”

“ಒಂದು ಗುಂಡಿಗೆ ಫ್ಯಾಕ್ಟರಿ ಹಾಕ್ತೀರಾ? ನಾನು ಒಂದು ಚಡ್ಡೀನೂ ತರ್ಬೇಡಿ ಅಂದಿದೀನಿ, ನೀವು ನೋಡಿದ್ರೆ…”

“ಇದು ಮಗೂದಲ್ಲ, ನಂದು.”

“ಯಾರಿಗೆ ಅಂತ ನನಗ್ಗೊತ್ತು ಕಣ್ರೀ. ದೇವರಿಗೂ ಗೊತ್ತಾಗತ್ತೆ.”

ಜಗಳ ಏರುತ್ತಿತ್ತು, ಅನ್ನ ಆರುತ್ತಿತ್ತು. ಅಮ್ಮ ತಟ್ಟೆ ಎತ್ತಿಕೊಂಡು ಸಿಂಕಿನ ಕಡೆ ಹೋಗಿ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಅಪ್ಪ ಗ್ಯಾರೇಜಿಗೆ ಹೋಗಿ ಪ್ರೆಸ್ಸು ಕೂರಿಸಲೆಂದು ಕಟ್ಟಿದ್ದ ಬೆಂಚನ್ನು ಅಲುಗಾಡಿಸಿ ನೋಡುತ್ತಿದ್ದ. ಅದು ಒಂಚೂರೂ ಅಲುಗುತ್ತಿರಲಿಲ್ಲ. ನನಗೆ ಈಗ ಅನ್ನಿಸುತ್ತದೆ, ಆ ಮೂರು ಪ್ರೆಸ್ಸುಗಳ ನಡುವೆ ಅಪ್ಪ ಆರಿಸುತ್ತಿದ್ದದ್ದು ಮೂರು ಬಗೆಯ ಮುಂದಿನ ದಿನಗಳನ್ನು. ದೊಡ್ಡದರಲ್ಲಿ ಅವನೂ ಮಗನೂ ಶನಿವಾರಗಳೂ ತುಂಬಿದ್ದವು. ಅದಕ್ಕೇ ಅವನಿಗೆ ಬಿಡಲು ಮನಸ್ಸಾಗುತ್ತಿರಲಿಲ್ಲ.

ಕೊನೆಗೆ ಆರಿಸಿದವಳು ಅಮ್ಮ. ಒಂದು ಶನಿವಾರ ಡಾಕ್ಟರ ಹತ್ತಿರ ತೋರಿಸಿಕೊಂಡು ಬರುವಾಗ ದಾರಿಯಲ್ಲಿ ಅಪ್ಪ ಕೋವಿ ಅಂಗಡಿಯ ಮುಂದೆ ನಿಲ್ಲಿಸಿದ. ಅಮ್ಮ ಕಾರಿನಲ್ಲೇ ಕೂರುತ್ತೇನೆಂದಳು, ಆಮೇಲೆ ಸೆಕೆ ಎಂದು ಒಳಗೆ ಬಂದಳು. ಏಳು ತಿಂಗಳ ಹೊಟ್ಟೆ, ಮುಡಿಯಲ್ಲಿ ಹಿತ್ತಲಿನ ಮಲ್ಲಿಗೆ. ಅಂಗಡಿಯಲ್ಲಿದ್ದ ದಪ್ಪ ಗಡ್ಡದವರೆಲ್ಲ ಜಾಗ ಬಿಟ್ಟು ನಿಂತರು, ಒಬ್ಬ ಸ್ಟೂಲು ತಂದುಕೊಟ್ಟ. ಬೆಂಚಿನ ಮೇಲೆ ತೋರಿಸಲು ಇಟ್ಟ ಮೂರೂ ಪ್ರೆಸ್ಸುಗಳ ಹಿಡಿಯನ್ನು ಅಮ್ಮ ಒಂದೊಂದಾಗಿ ಎಳೆದು ನೋಡಿದಳು. ದೊಡ್ಡದು ಖಟಪಟ ಎಂದು ಏನೇನೋ ಹೊರಳಿಸಿತು. ಅಮ್ಮ ಮುಖ ಸಿಂಡರಿಸಿದಳು. ಸಾದಾ ಪ್ರೆಸ್ಸಿನ ಹಿಡಿ ಕೆಳಗೆ ಬಂದು, ತುದಿಯಲ್ಲಿ ಟಕ್ ಎಂದು ನಿಂತಿತು. ಅವಳು ಮತ್ತೊಮ್ಮೆ ಎಳೆದಳು. ಮುಖದಲ್ಲಿ ನಗು ಬಂತು.

“ಅಯ್ಯೋ, ಇದು ನಮ್ ಶ್ಯಾವಿಗೆ ಒರಳೇ ಅಲ್ವೇನ್ರೀ! ಅದೇ ಬಿಗಿ. ಇದೇ ತಗೊಳ್ಳಿ. ಒಂದೊಂದೇ ಮಾಡಿ. ಅವಸರದ್ದು ನಮಗೆ ಆಗ್ಬರಲ್ಲ.”

ಅಪ್ಪ ದೊಡ್ಡದನ್ನು ಬಿಟ್ಟು ಅದನ್ನೇ ತಂದ. ಮರುದಿನ ಎದ್ದವನೇ ಬೆಂಚಿನ ಒಂದು ತುದಿಗೆ ಅದನ್ನು ಬೋಲ್ಟ್ ಹಾಕಿ ಕೂರಿಸಿದ. ಇನ್ನೊಂದು ತುದಿಗೆ ಶ್ಯಾವಿಗೆ ಒರಳನ್ನೂ ಇಳಿಸಿ ಇಟ್ಟ, ಇನ್ನು ಏರಿಸುವ ಇಳಿಸುವ ಜಗಳ ಬೇಡವೆಂದು. ಬೆಳಗಿನ ತಿಂಡಿಗೆ ಅಮ್ಮ ಅಕ್ಕಿ ಕಡುಬು ಬೇಯಿಸಿ ಬಿಸಿಬಿಸಿ ಒರಳಿಗೆ ಹಾಕಿದಳು, ಅಪ್ಪ ಒತ್ತಿದ, ನಾನು ತಟ್ಟೆ ತಿರುಗಿಸುತ್ತ ಶ್ಯಾವಿಗೆ ಹಿಡಿದೆ. ಕಾಯಿಹಾಲು ಹಾಕಿಕೊಂಡು ತಿಂದೆವು. ಮಧ್ಯಾಹ್ನ ಎಲ್ಲ ಒರೆಸಿ ತೆಗೆದ ಮೇಲೆ ಅಪ್ಪ ತನ್ನ ಕೆಲಸಕ್ಕೆ ನಿಂತ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ, ಮದ್ದಿನ ಹತ್ತಿರ ಬಿಡಲಿಲ್ಲ. ಒಂದೊಂದು ಹಂತಕ್ಕೂ ಕನ್ನಡಕ ಏರಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೊನೆಗೆ ಗುಂಡು ಕೂರಿಸುವ ಹೊತ್ತಿಗೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ಕೊಡಿ ಇಲ್ಲಿ. ನನ್ನ ಕೈದೂ ಒಂದಿರಲಿ.”

ಹಿಡಿಯ ಮೇಲೆ ಅಮ್ಮನ ಕೈ, ಅದರ ಮೇಲೆ ಅಪ್ಪನ ಕೈ. ಟಕ್. ಅಪ್ಪ ತೋಟೆಯನ್ನು ಹೊರತೆಗೆದು ಅವಳ ಅಂಗೈಗೆ ಇಟ್ಟ. ಕೋವಿಯೆಂದರೆ ಮಾರುದೂರ ನಿಲ್ಲುತ್ತಿದ್ದ ಹೆಂಗಸು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಒಳಗೆ ಇವನದೇ ಸದ್ದು ಎಂದು ಹೊಟ್ಟೆ ಮುಟ್ಟಿಕೊಂಡು ನಕ್ಕಳು. ನನ್ನ ಬಾಲ್ಯದಲ್ಲಿ ನಾವೆಲ್ಲ ಸುಖವಾಗಿದ್ದ ಕೊನೆಯ ದಿನ ಅದು. ಆಗ ಗೊತ್ತಿದ್ದರೆ ಇನ್ನಷ್ಟು ಹೊತ್ತು ಅಲ್ಲೇ ನಿಂತಿರುತ್ತಿದ್ದೆ.

ಎಂಟನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅಮ್ಮ ಕಾಫಿ ಲೋಟ ಹಿಡಿದು ಅಡುಗೆಮನೆಯಲ್ಲಿ ನಿಂತವಳು, ಇವನು ಯಾಕೋ ಎದ್ದೇ ಇಲ್ಲ ಎಂದಳು. ಸಿಹಿ ತಿಂದರೆ ಒದೆಯುತ್ತಾನೆಂದು ಬೆಲ್ಲ ತಿಂದಳು. ಎಡಕ್ಕೆ ಮಲಗಿದಳು. ಬಲಕ್ಕೆ ಮಲಗಿದಳು. ಅಪ್ಪ ಕಾರು ಹೊರಡಿಸಿದ. ಆಸ್ಪತ್ರೆಯಲ್ಲಿ ಅವರೆಲ್ಲ ಒಳ್ಳೆಯವರೇ. ಮೆಲ್ಲಗೆ ಮಾತಾಡಿದರು, ಅಮ್ಮನ ಕೈ ಹಿಡಿದುಕೊಂಡರು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ನನ್ನ ತಮ್ಮ ಹುಟ್ಟಿದ, ಅಳಲಿಲ್ಲ. ನನಗೂ ತೋರಿಸಿದರು. ಕೂದಲು ದಟ್ಟವಾಗಿತ್ತು, ಅಪ್ಪನ ಕಿವಿ. ಮನೆಯಲ್ಲಿ ಅವನಿಗೆ ಹೊದಿಸಲು ಒಂದು ಬಟ್ಟೆ ಇರಲಿಲ್ಲ, ಆಸ್ಪತ್ರೆಯವರೇ ಯಾರೋ ಹೆಣೆದು ಕೊಟ್ಟ ಟೋಪಿ ಹಾಕಿದ್ದರು. ಅಮ್ಮ ಆ ಟೋಪಿಯನ್ನೇ ನೋಡುತ್ತಿದ್ದಳು.

“ಕುಲಾವಿ ಹೊಲಿದವಳು ನಾನೇ,” ಎಂದಳು. “ಅಂಗಡೀಲಿ ನಿಂತ್ಕೊಂಡು ನಾನೇ ಆರಿಸ್ದೆ. ಎಲ್ಲರಿಗೂ ಬೇಡ ಅಂದು ನಾನೇ ಕೈ ಹಾಕ್ದೆ.”

“ಹಾಗೆಲ್ಲ ಇಲ್ಲ,” ಎಂದ ಅಪ್ಪ. ಆದರೆ ಅವನ ದನಿಯಲ್ಲಿ ನಂಬಿಕೆ ಇರಲಿಲ್ಲ. ಅಮ್ಮನಿಗೆ ಅದು ಕೇಳಿಸಿತು, ನನಗೂ ಕೇಳಿಸಿತು.

ಸಿಡ್ನಿಯ ಸ್ಮಶಾನದಲ್ಲಿ ಮಕ್ಕಳಿಗೆಂದೇ ಇರುವ ಮೂಲೆಯಲ್ಲಿ ಅವನನ್ನು ಮಣ್ಣು ಮಾಡಿದೆವು. ಮನೆಗೆ ಬಂದ ಮಧ್ಯಾಹ್ನ ಕೆವಿನ್ ಬಂದ. ಅವನ ಹೆಂಡತಿ ಮಾಡಿದ ಆಲೂಗಡ್ಡೆಯ ಏನೋ ಒಂದನ್ನು ಬಾಗಿಲಲ್ಲಿ ನನ್ನ ಕೈಗೆ ಕೊಟ್ಟು, ಟೋಪಿ ತೆಗೆದು ಅಪ್ಪನಿಗೆ ಇಷ್ಟೇ ಹೇಳಿದ: ಫಾರ್ಮಿನ ಗೇಟು ತೆರೆದೇ ಇರುತ್ತದೆ, ಮೇಟ್, ಯಾವಾಗ ಬೇಕಾದರೂ ಬಾ. ಅವನು ಹೋದ ಮೇಲೆ ಅಮ್ಮ ಊಟದ ಮೇಜಿನ ಹತ್ತಿರ ಬಂದು ಕೂತಳು. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದರು, ಹಾಲು ನಿಲ್ಲಲೆಂದು. ಅಪ್ಪ ಎದುರು ಕೂತ.

“ಹೋಗಿ ಹೊಡ್ಕೊಂಡ್ ಬನ್ನಿ,” ಎಂದಳು ಅಮ್ಮ.

ಅಪ್ಪ ಮೇಜಿನ ಮೇಲಿದ್ದ ಆಲೂಗಡ್ಡೆಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದ.

“ಒಂದು ಹೊಡೀರಿ, ಬಂದಿದ್ದ ಅಂತ. ಆಮೇಲೆ ಎರಡು ಹೊಡೀರಿ, ಹೋದ ಅಂತ. ನಂಗೆ ನಿಮ್ ಶಾಸ್ತ್ರ ಎಲ್ಲ ಗೊತ್ತಾಗಲ್ಲ. ಅವನು ಇದ್ದ ಅಂತ ಯಾರಿಗಾದ್ರೂ ಒಬ್ಬರಿಗೆ ಕೇಳಲಿ.”

“ಅಣ್ಣನಿಗೆ ಫೋನ್ ಮಾಡಿದ್ದೆ,” ಎಂದ ಅಪ್ಪ. ಊರಲ್ಲಿರುವ ದೊಡ್ಡಪ್ಪ ಮನೆತನದ ಹಿರಿಯ, ಕ್ರಮ ಹೇಳುವವನು ಅವನೇ. “ಅತ್ತ ಕೂಸಿಗೆ ಮಾತ್ರ ಅಂತೆ. ಉಸಿರು ತೆಗೀದೆ ಇದ್ದದ್ದಕ್ಕೆ ಕೋವಿ ಇಲ್ಲ ಅಂತೆ. ಒಂದೂ ಇಲ್ಲ, ಎರಡೂ ಇಲ್ಲ.”

“ನನ್ನ ಹೊಟ್ಟೇಲಿ ಒದೀತಿದ್ದ ಕಣ್ರೀ.”

“ಗೊತ್ತು.”

“ನಿಮ್ಮಣ್ಣನ್ನ ಒದ್ದಿರ್ಲಿಲ್ಲ, ನನ್ನ ಒದ್ದಿದ್ದ.”

ಈಗ ನನಗೂ ಒಬ್ಬಳು ಮಗಳಿದ್ದಾಳೆ, ಈಗಲೂ ನಾನು ಆ ಮೇಜಿನ ಮುಂದೆ ನಿಂತಿರುತ್ತೇನೆ: ಹೋಗು ಅಪ್ಪಾ, ಎದ್ದು ಹೋಗು, ದೊಡ್ಡಪ್ಪ ಸಾವಿರಾರು ಮೈಲಿ ದೂರದಲ್ಲಿದ್ದಾನೆ, ಅವನಿಗೆ ಕೇಳುವುದೇ ಇಲ್ಲ. ಅಪ್ಪ ಹೋಗಲಿಲ್ಲ. ಅವನು ಕೆಟ್ಟವನಲ್ಲ. ಊರು ಬಿಟ್ಟು ಬಂದವನ ಕೈಯಲ್ಲಿ ಊರಿನದೆಂದು ಉಳಿದದ್ದು ಆ ಕ್ರಮವೊಂದೇ. ಅದನ್ನು ಮುರಿದರೆ ತನಗೆ ಏನೂ ಉಳಿಯುವುದಿಲ್ಲ ಎಂದು ಹೆದರಿದ. ಮುರಿಯದೆಯೂ ಏನೂ ಉಳಿಯಲಿಲ್ಲ. ಆಮೇಲೆ ಅವನು ಕ್ಲಬ್ಬಿಗೆ ಹೋಗಲಿಲ್ಲ. ಅಮ್ಮ ಶ್ಯಾವಿಗೆ ಒತ್ತಲಿಲ್ಲ. ಇಬ್ಬರೂ ಜಗಳವನ್ನೇ ಬಿಟ್ಟರು. ಉಪ್ಪು ಬೇಕಾ, ಬಿಲ್ ಕಟ್ಟಿದ್ರಾ, ಶಾಲೆ ಎಷ್ಟು ಗಂಟೆಗೆ. ಅಷ್ಟರಲ್ಲೇ ಮನೆ ನಡೆಯಿತು. ಬೆಂಚಿನ ಎರಡು ತುದಿಯಲ್ಲಿ ಎರಡು ಒರಳು ಧೂಳು ಹಿಡಿದು ಕೂತಿದ್ದವು. ನಾನು ಸ್ಕೂಲಿನಿಂದ ಬಂದು ಆ ಮೌನದೊಳಗೆ ಹೋಗಲು ಹೆದರಿ, ಹೊರಗೆ ಕಾರಿನ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದೆ.

ಕೆಲವು ಸಮಯದ ಮೇಲೆ ಅಪ್ಪನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ವಿಂಡಮ್ ವೇಲ್‌ನಲ್ಲಿ ಹೊಸ ಮನೆ ನೋಡಿಬಂದ. ಕೂಸನ್ನು ಇಲ್ಲಿ ಬಿಟ್ಟು ಹೇಗೆ ಹೋಗುವುದು ಎಂದು ಅಮ್ಮ ಒಂದೇ ಸಲ ಕೇಳಿದಳು. ಹೊರಡುವ ಮೊದಲು ಅಪ್ಪ ಕೋವಿಯನ್ನೂ, ಇದ್ದ ತೋಟೆಗಳನ್ನೂ ಡೀಲರಿಗೆ ಒಪ್ಪಿಸಿ ಬಂದ. ಆ ಒಂದು ತೋಟೆಯೂ ಅದರಲ್ಲೇ ಹೋಯಿತು. ಅಮ್ಮ ಕೇಳಿದಳು, ಹ್ಞೂಂ ಅದೂ ಎಂದ. ಪ್ರೆಸ್ಸನ್ನೂ ಕೊಟ್ಟುಬಿಡುವವನಿದ್ದ. ಅಷ್ಟರಲ್ಲಿ ಅಮ್ಮ ಅದನ್ನು ಬಿಚ್ಚಿಸಿ, ಶ್ಯಾವಿಗೆ ಒರಳಿನ ಜೊತೆ ಅದೇ ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಯಾಗಿತ್ತು.

“ಅದೆಂತಕ್ಕೆ ಇನ್ನು?”

“ಇರಲಿ ಬಿಡಿ. ಭಾರ ಏನಿಲ್ಲ.”

ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರವಿತ್ತು ಆ ಪೆಟ್ಟಿಗೆ.

ವಿಂಡಮ್ ವೇಲ್‌ನಲ್ಲಿ ಆಗ ನಮ್ಮ ಬೀದಿಯ ಅರ್ಧ ಮನೆಗಳು ಇನ್ನೂ ಬರಿಯ ಮರದ ಚೌಕಟ್ಟು. ಬಯಲಿನ ಗಾಳಿ ಬಂದು ಗ್ಯಾರೇಜಿನ ಬಾಗಿಲು ಬಡಿಯುತ್ತಿತ್ತು. ಅಮ್ಮ ಹೇಳಿದಳೆಂದು ಅಪ್ಪ ಬೆಂಚು ಹಾಕಿದ, ಪ್ರೆಸ್ಸನ್ನೂ ಕೂರಿಸಿಕೊಟ್ಟ, ಯಾಕೆಂದು ಕೇಳಲಿಲ್ಲ. ಅಲ್ಲಿ ನಾವು ಕಳೆದ ಮೊದಲ ವರ್ಷದಲ್ಲಿ ತಮ್ಮನ ದಿನ ಬಂತು. ಸಿಡ್ನಿಯಲ್ಲಿದ್ದಾಗ ಹೂವು ತೆಗೆದುಕೊಂಡು ಹೋಗಿ ಬರುತ್ತಿದ್ದೆವು, ಇಲ್ಲಿ ಹೋಗಲು ಜಾಗವಿಲ್ಲ. ಅಪ್ಪ ಅಂದು ರಜೆ ಹಾಕಿದ್ದ. ಮಧ್ಯಾಹ್ನದ ಊಟವಾದ ಮೇಲೆ ಅವನು ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದ, ನಾನು ಒರೆಸಿ ಇಡುತ್ತಿದ್ದೆ. ಅಮ್ಮ ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಒಳಬಾಗಿಲಿನಿಂದ ಗ್ಯಾರೇಜಿಗೆ ಹೋದಳು.

ಮೊದಲು ಒಂದು. ಟಕ್.

ಖಾಲಿ ಪ್ರೆಸ್ಸಿನ ಹಿಡಿ ತುದಿಗೆ ಬಂದು ನಿಲ್ಲುವ ಸದ್ದು. ಒಳಗೆ ಕೊಳವೆಯಿಲ್ಲ, ಮದ್ದಿಲ್ಲ, ಗುಂಡಿಲ್ಲ. ಅಪ್ಪ ನಲ್ಲಿ ನಿಲ್ಲಿಸಿದ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತು ಏನೂ ಕೇಳಲಿಲ್ಲ, ಗಾಳಿ ಬಿಟ್ಟರೆ.

ಆಮೇಲೆ ಎರಡು. ಒಂದರ ಬೆನ್ನಿಗೆ ಒಂದು.

ಅಪ್ಪನ ಮುಖ ನೋಡಿದೆ. ಅವನಿಗೆ ಕೇಳಿಸಿತ್ತು. ಕೇಳಿದವರು ಏನು ಮಾಡಬೇಕೆಂದು ನನಗೆ ಕಲಿಸಿದವನು ಅವನೇ. ಅವನು ಸಿಂಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದ. ನಾನು ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋದೆ. ಅಮ್ಮ ಹಿಡಿಯ ಮೇಲೆ ಕೈಯಿಟ್ಟುಕೊಂಡು ಬಾಗಿಲ ಕಡೆಗೇ ಮುಖ ಮಾಡಿ ನಿಂತಿದ್ದಳು. ನನ್ನನ್ನು ನೋಡಿದಳು. ಆಮೇಲೆ ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡಿದಳು, ನೋಡುತ್ತಲೇ ಇದ್ದಳು.

ಅಡುಗೆಮನೆಯಲ್ಲಿ ನಲ್ಲಿ ಮತ್ತೆ ಸುರಿಯತೊಡಗಿತು.